ನಾಲ್ಕು ಮಂದಿ ಹೊತ್ತ ಹಾಸಿಗೆ



ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದಕ್ಕೆ ನಮ್ಮ ಕಡೆ ಚಾಕರಿ ಎನ್ನುತ್ತೇವೆ. 'ಅವಳು ಅತ್ತೆಯ ಚಾಕರಿ ಚೆನ್ನಾಗಿ ಮಾಡಿದಳು' ಎಂದರೆ ಅದು ಮೆಚ್ಚುಗೆಯ ಮಾತೇ. ಆದರೆ ಸಭಾಪಾಲಕರು ವಾಕ್ಯ ಬೋಧಿಸಿದರೆ, ಯಾರಾದರೂ ಊರೂರು ತಿರುಗಿ ಸುವಾರ್ತೆ ಸಾರಿದರೆ, ಅದು ಸೇವೆ. ಸೇವೆ ಮಾಡಿದವರು ನಿವೃತ್ತರಾದಾಗ ಶಾಲು ಹೊದಿಸಿ ಹಾರ ಹಾಕುತ್ತೇವೆ. ಚಾಕರಿ ಮಾಡಿದವಳ ಹತ್ತಿರ, ಮಣ್ಣು ಕೊಟ್ಟು ಬಂದ ದಿನ, ಯಾರಾದರೂ ಬಂದು 'ಪಾಪ, ಇನ್ನು ನಿನಗೂ ವಿಶ್ರಾಂತಿ' ಎನ್ನುತ್ತಾರೆ. ನನಗೂ ಹಾಗೆಯೇ ಹೇಳಿದರು. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಎಂಟು ವರ್ಷ ನಾನು ನನ್ನ ಅತ್ತೆಗೆ ಮಾಡಿದ್ದು ಏನು, ಅದು ನನ್ನ ನಂಬಿಕೆಯ ಒಳಗಿತ್ತೋ ಹೊರಗಿತ್ತೋ ಎಂಬ ಪ್ರಶ್ನೆ ಸ್ಮಶಾನದ ಗೇಟಿನಿಂದಲೇ ನನ್ನ ಜೊತೆ ಮನೆಗೆ ಬಂತು.

ನಾನು ದೈವಶಾಸ್ತ್ರ ಓದಿದವಳಲ್ಲ. ಉಡುಪಿಯ ಕಡೆ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಕೆಲಸದಿಂದ ಬೆಳೆದ ಸಭೆಗಳಲ್ಲಿ ನಮ್ಮದೂ ಒಂದು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ನನ್ನ ಅತ್ತೆ ಬೈದದ್ದು, ಮುದ್ದು ಮಾಡಿದ್ದು, ಮೀನಿಗೆ ಚೌಕಾಸಿ ಮಾಡಿದ್ದು ಎಲ್ಲ ತುಳುವಿನಲ್ಲಿ. ಪ್ರಾರ್ಥಿಸಿದ್ದು, ಹಾಡಿದ್ದು ಕನ್ನಡದಲ್ಲಿ. ಮರೆವು ಬಂದಾಗ ಈ ಎರಡು ಭಾಷೆಗಳು ಒಟ್ಟಿಗೆ ಹೋಗಲಿಲ್ಲ. ಆ ಸಂಗತಿಗೆ ಮತ್ತೆ ಬರುತ್ತೇನೆ.

ಒಂದು ಬುಧವಾರ ಬೆಳಿಗ್ಗೆ ಅತ್ತೆ ಒಳ್ಳೆಯ ಸೀರೆ ಉಟ್ಟು, ಬೈಬಲ್ ಹಿಡಿದು, ದೇವಾಲಯಕ್ಕೆ ಹೊರಟು ಅಂಗಳದಲ್ಲಿ ನಿಂತರು. ಕಾಯಿಲೆ ನಮಗೆ ಕಾಣಿಸಿಕೊಂಡದ್ದು ಹಾಗೆ. 'ಇವತ್ತು ಭಾನುವಾರ ಅಲ್ಲ ಅತ್ತೆ' ಎಂದರೆ ನಾಚಿಕೊಂಡು ಒಳಗೆ ಬಂದರು. ಮರುದಿನವೂ ಹೊರಟರು. ಎರಡು ವರ್ಷದ ಮೇಲೆ ಸಂಜೆಯ ತಳಮಳ ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಎದ್ದು ನಿಂತು, ತನ್ನದೇ ಮನೆಯಲ್ಲಿ, 'ಮನೆಗೆ ಹೋಗಬೇಕು' ಎನ್ನುತ್ತಿದ್ದರು. ಮರೆವಿನ ಕಾಯಿಲೆಯವರನ್ನು ನೋಡಿಕೊಂಡ ಎಲ್ಲರಿಗೂ ಆ ಹೊತ್ತು ಗೊತ್ತು. ಆಮೇಲೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಮತ್ತೆ ಅವರು ನಡೆಯಲಿಲ್ಲ. ಕೊನೆಯ ನಾಲ್ಕು ವರ್ಷ ಹಾಸಿಗೆಯೇ.

ಹಾಸಿಗೆ ಎಂದರೆ ಏನು ಎಂದು ಸ್ವಲ್ಪ ಹೇಳಬೇಕು, ಯಾಕೆಂದರೆ ಅಧ್ಯಾತ್ಮದ ಮಾತು ಶುರುವಾದ ಕೂಡಲೇ ನಾವು ಹಾಸಿಗೆಯನ್ನು ಮರೆಯುತ್ತೇವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗುತ್ತದೆ, ಆಮೇಲೆ ಬಿರಿದು ಹುಣ್ಣಾಗುತ್ತದೆ, ಆ ಹುಣ್ಣು ಬಂದರೆ ಸುಲಭಕ್ಕೆ ಹೋಗುವುದಿಲ್ಲ. ಗಂಜಿಯನ್ನು ತಲೆ ಎತ್ತರಿಸಿ, ಚಮಚ ಚಮಚವಾಗಿ, ನುಂಗಿದ್ದು ಕಂಡ ಮೇಲೆಯೇ ಮುಂದಿನ ಚಮಚ ಕೊಡಬೇಕು. ಅವಸರ ಮಾಡಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯಬಹುದು. ಅರ್ಧ ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ. ಡೈಪರ್, ರಬ್ಬರ್ ಶೀಟು, ಮತ್ತೆ ಒಗೆಯುವುದು, ಮಳೆಗಾಲದಲ್ಲಿ ಒಣಗದ ಬಟ್ಟೆ. ಉಡುಪಿಯ ಜುಲೈ ತಿಂಗಳಲ್ಲಿ ಹಾಸಿಗೆ ಹಿಡಿದವರ ಮನೆಯ ವಾಸನೆ ಯಾವುದೆಂದು ಇಲ್ಲಿ ಕುಳಿತಿರುವ ಕೆಲವು ಹೆಂಗಸರಿಗೆ ಗೊತ್ತಿದೆ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆ ಇದೆ. ಪ್ರತಿಯೊಬ್ಬರ ಹಾಸಿಗೆಯ ಪಕ್ಕದಲ್ಲೂ ಇನ್ನೊಬ್ಬರು ಇರುತ್ತಾರೆ. ಆ ಇನ್ನೊಬ್ಬರನ್ನು ನಾವು ಎಣಿಸುವುದಿಲ್ಲ.

ಈಗ ಚಾಕರಿ ಮತ್ತು ಸೇವೆಯ ಮಾತು. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಪೇತ್ರನ ಅತ್ತೆ ಜ್ವರದಿಂದ ಮಲಗಿರುತ್ತಾಳೆ. ಯೇಸು ಕೈ ಹಿಡಿದು ಎಬ್ಬಿಸುತ್ತಾನೆ, ಆಕೆ ಎದ್ದು ಬಂದವರಿಗೆ ಉಪಚಾರ ಮಾಡುತ್ತಾಳೆ. ಅಲ್ಲಿ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದ ಡಿಯಾಕೊನೆಯೋ. ಅದೇ ಅಧ್ಯಾಯದಲ್ಲಿ, ಅಡವಿಯಲ್ಲಿ ದೇವದೂತರು ಯೇಸುವಿಗೆ ಮಾಡಿದ್ದಕ್ಕೂ ಅದೇ ಪದ. ಹತ್ತನೆಯ ಅಧ್ಯಾಯದಲ್ಲಿ, ತಾನು ಯಾಕೆ ಬಂದೆ ಎಂದು ಯೇಸು ತನ್ನ ಬಗ್ಗೆಯೇ ಹೇಳಿಕೊಳ್ಳುವಾಗಲೂ ಅದೇ ಪದ. ಲೂಕನಲ್ಲಿ ಮಾರ್ಥಳ ಅಡುಗೆಮನೆಯ ಗಡಿಬಿಡಿಗೂ ಅದೇ ಧಾತುವಿನ ಹೆಸರು. ಊಟ ಬಡಿಸುವವರ ಕೆಲಸಕ್ಕಿದ್ದ ಪದ ಅದು. ಡೀಕನ್ ಎಂಬ ಸಭೆಯ ಪದವಿ ಹುಟ್ಟಿದ್ದೂ ಅದರಿಂದಲೇ. ಪೇತ್ರನ ಅತ್ತೆಯ ಬಡಿಸುವಿಕೆಗೆ, ದೇವದೂತರ ಉಪಚಾರಕ್ಕೆ, ಕ್ರಿಸ್ತನ ಇಡೀ ಬದುಕಿಗೆ ಸುವಾರ್ತಿಕ ಒಂದೇ ಪದ ಬಳಸಿದ. ನಾವು ಅದನ್ನು ಎರಡು ಮಾಡಿಕೊಂಡೆವು.

ಇದು ನನಗೆ ತಿಳಿದದ್ದು ಅತ್ತೆ ತೀರಿಕೊಂಡ ಮೇಲೆ. ಚಾಕರಿಯ ವರ್ಷಗಳಲ್ಲಿ ನನ್ನ ಕಿವಿಗೆ ಬಿದ್ದ ದೈವಶಾಸ್ತ್ರ ಬೇರೆ. 'ಇದು ನಿನ್ನ ಶಿಲುಬೆ, ಹೊರಲೇಬೇಕು' ಎಂದು ಬಂದವರು ಹೇಳುತ್ತಿದ್ದರು. ಚಹಾ ಕುಡಿದು, ಪ್ರಾರ್ಥನೆ ಮಾಡಿ, ಈ ಮಾತು ಹೇಳಿ ಹೋಗುತ್ತಿದ್ದರು. ನನ್ನ ಯಜಮಾನರು ಆಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದರು, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಮೈದುನ ಮಸ್ಕತ್‌ನಿಂದ ತಪ್ಪದೆ ಹಣ ಕಳಿಸುತ್ತಿದ್ದ. ಶಿಲುಬೆ ಮಾತ್ರ ನನ್ನದು ಎಂದು ಎಲ್ಲರೂ ಹೇಗೋ ತೀರ್ಮಾನಿಸಿದ್ದರು. ನಾನೂ ಒಪ್ಪಿಕೊಂಡಿದ್ದೆ.

ಒಂದು ಶುಭ ಶುಕ್ರವಾರ ದೇವಾಲಯಕ್ಕೆ ಹೋಗಲಾಗದೆ ಅತ್ತೆಯ ಪಕ್ಕದಲ್ಲಿ ಕುಳಿತು ಶ್ರಮೆಯ ಕಥೆ ಓದುತ್ತಿದ್ದಾಗ ಕುರೇನ್ಯದ ಸೀಮೋನನ ಹತ್ತಿರ ನಿಂತುಬಿಟ್ಟೆ. ಹಳ್ಳಿಯಿಂದ ಪಟ್ಟಣಕ್ಕೆ ಬರುತ್ತಿದ್ದ ಮನುಷ್ಯ. ದಾರಿಹೋಕ. ಸಿಪಾಯಿಗಳು ಅವನನ್ನು ಹಿಡಿದು ಬಲವಂತವಾಗಿ ಶಿಲುಬೆ ಹೊರಿಸಿದರು. ಅವನಿಗೆ ಭಕ್ತಿ ಉಕ್ಕಿತು ಎಂದು ಯಾವ ಸುವಾರ್ತೆಯೂ ಹೇಳುವುದಿಲ್ಲ. ಅವನು ಬೈದುಕೊಂಡೇ ಹೊತ್ತಿರಬಹುದು. ಆದರೂ ಆ ಹೊತ್ತಿನಲ್ಲಿ ಯೇಸುವಿನ ಹೆಗಲಿನ ಭಾರ ಇಳಿದದ್ದು ಅವನಿಂದ. ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಿಂದಲೂ ಅಲ್ಲ.

ಆ ದಿನ ಎರಡು ಸಂಗತಿಗಳು ನನಗೆ ಹೊಳೆದವು. ನಾನು ಆರಿಸಿಕೊಂಡ ಕೆಲಸ ಇದಲ್ಲ ಎಂದು ಒಪ್ಪಿಕೊಳ್ಳುವುದು ಪಾಪವಲ್ಲ. ಸೀಮೋನನೂ ಆರಿಸಿಕೊಳ್ಳಲಿಲ್ಲ. ಎರಡನೆಯದು ಇನ್ನೂ ದೊಡ್ಡದು: ಕ್ರಿಸ್ತನೇ ತನ್ನ ಶಿಲುಬೆಯನ್ನು ಕೊನೆಯವರೆಗೆ ಒಬ್ಬನೇ ಹೊರಲಿಲ್ಲ. ಹಾಗಿರುವಾಗ ಒಬ್ಬ ಸೊಸೆಗೆ 'ನೀನೊಬ್ಬಳೇ ಹೊರು' ಎನ್ನುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಚಾಕರಿ ಯಾರ ಪಾಲಿಗೆ ಬೀಳುತ್ತದೆ ಎಂಬುದು ಬೈಬಲಿಗೂ ಗೊತ್ತಿತ್ತು. ದಾವೀದ ಅರಸ ಮುದುಕನಾಗಿ, ಎಷ್ಟು ಹೊದಿಸಿದರೂ ಮೈ ಬೆಚ್ಚಗಾಗದೆ ಮಲಗಿದ್ದಾಗ, ಸೇವಕರು ದೇಶವನ್ನೆಲ್ಲ ಹುಡುಕಿ ಅಬೀಷಗ್ ಎಂಬ ಹುಡುಗಿಯನ್ನು ತಂದರು. ಅವಳು ಅವನನ್ನು ನೋಡಿಕೊಂಡಳು. ಅವಳು ಏನಾದರೂ ಹೇಳಿದಳೋ ಎಂದರೆ ಇಡೀ ಕಥೆಯಲ್ಲಿ ಅವಳಿಗೆ ಒಂದು ಮಾತೂ ಇಲ್ಲ. ನಮ್ಮ ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 134 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 76 ನಿಮಿಷ. ಆದರೆ 1522ರಲ್ಲಿಯೇ ಮದುವೆಯ ಬದುಕಿನ ಬಗ್ಗೆ ಬರೆಯುತ್ತ ಮಾರ್ಟಿನ್ ಲೂಥರ್ ಒಬ್ಬ ತಂದೆಯ ಚಿತ್ರ ಕೊಟ್ಟ. ಅವನು ಮಗುವಿನ ಹೊಲಸು ಬಟ್ಟೆ ಒಗೆಯುತ್ತಿದ್ದಾನೆ, ಊರವರು ನೋಡಿ ಹೆಣ್ಣಿಗ ಎಂದು ನಗುತ್ತಾರೆ, ಆದರೆ ದೇವರು ತನ್ನ ಎಲ್ಲ ದೂತರೊಡನೆ ಸಂತೋಷದಿಂದ ನಗುತ್ತಾನೆ ಎಂಬ ಅರ್ಥದ ಮಾತು. ಮಠದ ಜಪವೇ ಮೇಲು ಎಂದು ನಂಬಿದ್ದ ಕಾಲದಲ್ಲಿ ಬರೆದದ್ದು. ಅವನಿಗೆ ಆಗ ಇನ್ನೂ ಮದುವೆಯೂ ಆಗಿರಲಿಲ್ಲ. ಬಟ್ಟೆ ಒಗೆಯುವ ಗಂಡಸನ್ನೇ ಅವನು ಆರಿಸಿಕೊಂಡದ್ದನ್ನು ಐನೂರು ವರ್ಷಗಳಲ್ಲಿ ನಾವು ಸರಿಯಾಗಿ ಓದಿಕೊಳ್ಳಲಿಲ್ಲ.

ಆರೈಕೆಯ ಅಧ್ಯಾತ್ಮ ಎಂದಾಗ ಹೆಚ್ಚಾಗಿ ಕೇಳಿಬರುವ ಹೆಸರು ಡಚ್ ಪಾದ್ರಿ ಹೆನ್ರಿ ನೌವೆನ್ ಅವರದು. ಯೇಲ್, ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿದವರು. 1986ರಲ್ಲಿ ಅದನ್ನೆಲ್ಲ ಬಿಟ್ಟು ಕೆನಡಾದ ಟೊರಾಂಟೊ ಹತ್ತಿರ, ಬುದ್ಧಿಮಾಂದ್ಯತೆ ಇರುವವರೊಂದಿಗೆ ಬಾಳುವ ಲಾರ್ಶ್ ಸಮುದಾಯಕ್ಕೆ ಬಂದರು. ಅದೇ ಬಳಗದ ಆಶಾ ನಿಕೇತನ ನಮ್ಮ ಬೆಂಗಳೂರಿನಲ್ಲಿ 1970ರಿಂದ ಇದೆ. ನೌವೆನ್ ಪಾಲಿಗೆ ಬಂದದ್ದು ಆಡಮ್ ಎಂಬ ಯುವಕ. ಮಾತಿಲ್ಲ, ಅಪಸ್ಮಾರ, ಒಬ್ಬನೇ ಏಳಲಾರ. ಬೆಳಿಗ್ಗೆ ಅವನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ತಿಂಡಿ ತಿನ್ನಿಸುವುದಕ್ಕೆ ಸುಮಾರು ಎರಡು ಗಂಟೆ. ಮೊದಲು ಹೆದರಿದ ಪ್ರಾಧ್ಯಾಪಕರಿಗೆ ಆ ಎರಡು ಗಂಟೆಗಳೇ ದಿನದ ಪ್ರಾರ್ಥನೆಯಾದವು. ಆಡಮ್ ತನ್ನ ಗುರು ಎಂದು ಅವರು ಪುಸ್ತಕವನ್ನೇ ಬರೆದರು.

ಆ ಪುಸ್ತಕವನ್ನು ನಾನು ಪ್ರೀತಿಸುತ್ತೇನೆ. ಆದರೂ ಓದುವಾಗ ಗಂಟಲಲ್ಲಿ ಒಂದು ಮುಳ್ಳು ಸಿಕ್ಕಿಕೊಂಡಿತ್ತು. ಎರಡು ಗಂಟೆಯ ಮೇಲೆ ಆಡಮ್‌ನನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರು. ಸುತ್ತ ಒಂದು ಸಮುದಾಯವೇ ಇತ್ತು. ನೌವೆನ್‌ಗೆ ಅರ್ಥ ಕಂಡದ್ದು ಅವರು ದೊಡ್ಡ ಭಕ್ತರೆಂಬ ಒಂದೇ ಕಾರಣಕ್ಕೆ ಅಲ್ಲ. ಅವರಿಗೆ ನಿದ್ದೆ ಸಿಗುತ್ತಿತ್ತು. ಅವರನ್ನು ಸಣ್ಣವರನ್ನಾಗಿ ಮಾಡಲು ಇದನ್ನು ಹೇಳುತ್ತಿಲ್ಲ. ನಿದ್ದೆಗೆಟ್ಟು ಮೂರು ವರ್ಷವಾದ ಹೆಂಗಸಿಗೆ ಆ ಪುಸ್ತಕ ಕೊಟ್ಟು 'ನೋಡು, ಇವರು ಹೇಗೆ ಆನಂದಿಸಿದರು' ಎನ್ನಬೇಡಿ ಎಂಬುದಕ್ಕೆ ಹೇಳುತ್ತಿದ್ದೇನೆ.

ಯಾಕೆಂದರೆ ನನಗೆ ಆನಂದ ಬರಲಿಲ್ಲ. ಒಂದು ರಾತ್ರಿ ಮೂರನೆಯ ಸಲ ಬಟ್ಟೆ ಬದಲಿಸುವಾಗ ಅತ್ತೆ ನನ್ನ ಕೈ ಚಿವುಟಿದರು. ನಾನು ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕೂಗಿಬಿಟ್ಟೆ. ಬೆಳಿಗ್ಗೆ ಅಲ್ಲಿ ನನ್ನ ಬೆರಳುಗಳ ಗುರುತು ನೀಲಿಗಟ್ಟಿತ್ತು. ಅವರಿಗೆ ನೆನಪಿರಲಿಲ್ಲ. ನನ್ನನ್ನು ನೋಡಿ ನಕ್ಕರು. ಆ ನಗುವಿನ ಎದುರು ನಿಲ್ಲಲಾಗದೆ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಪ್ರಾರ್ಥಿಸಲು ಹೊರಟರೆ ಮಾತು ಬರಲಿಲ್ಲ. ಕೀರ್ತನೆಗಳ ಪುಸ್ತಕ ತೆರೆದು 88ನೆಯದಕ್ಕೆ ಬಂದೆ. ಬೇರೆ ಶೋಕಗೀತೆಗಳು ಬಹುಮಟ್ಟಿಗೆ ಕೊನೆಯಲ್ಲಿ ಸ್ತೋತ್ರಕ್ಕೆ ತಿರುಗುತ್ತವೆ. ಅದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದೊಂದನ್ನು ಯಾರೂ ಕಿತ್ತುಹಾಕದೆ ಪವಿತ್ರ ಗ್ರಂಥದ ಒಳಗೇ ಇಟ್ಟಿದ್ದಾರಲ್ಲ ಎಂಬುದು ಆ ಬೆಳಿಗ್ಗೆ ನನಗೆ ಸಿಕ್ಕ ಒಂದೇ ಸಮಾಧಾನ.

ಎಲೀಯನ ಕಥೆಯನ್ನು ಎಷ್ಟೋ ಸಲ ಕೇಳಿದ್ದೇವೆ. ಸಾಕಾಗಿ, ಅಡವಿಯ ಒಂದು ಗಿಡದ ಕೆಳಗೆ ಕುಳಿತು, ಸಾವು ಬೇಡಿ ಮಲಗಿದ. ದೇವದೂತ ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ ಮತ್ತು ನೀರು ಇಟ್ಟು ತಟ್ಟಿ ಎಬ್ಬಿಸಿದ. ಎಲೀಯ ತಿಂದು ಮತ್ತೆ ಮಲಗಿದ, ದೂತ ಮಲಗಲು ಬಿಟ್ಟ. ಎರಡನೆಯ ಸಲ ಎಬ್ಬಿಸಿದಾಗಲೂ ಮೊದಲು ಊಟ. ದೇವರ ಸಣ್ಣ ಧ್ವನಿ ಕೇಳಿಸಿದ್ದು ಅದಾದ ಎಷ್ಟೋ ದಿನಗಳ ಮೇಲೆ.

ನಮ್ಮ ಮನೆಗೆ ಬಂದ ದೂತಳು ವಿಜಯಪುರದ ಕಡೆಯ ಹುಡುಗಿ. ಹೋಮ್ ನರ್ಸ್ ಆಗಿ ಬಂದವಳು, ಕ್ರೈಸ್ತಳಲ್ಲ. ಬಂದ ಮೊದಲ ರಾತ್ರಿ ನನ್ನ ಮುಖ ನೋಡಿ, 'ಅಕ್ಕಾರ, ನೀವು ಮಲ್ಕೊಳ್ರಿ, ನಾ ಅದೀನಲ್ಲ' ಎಂದಳು. ಒಂಬತ್ತು ಗಂಟೆ ನಿದ್ದೆ ಮಾಡಿದೆ. ಎದ್ದಾಗ ಅತ್ತೆಯ ತಲೆ ಬಾಚಿ, ಹಣೆಗೆ ಕುಂಕುಮ ಇಡಬೇಕೋ ಬೇಡವೋ ಎಂದು ನನ್ನನ್ನು ಕೇಳಲು ಕಾಯುತ್ತಿದ್ದಳು.

ಈಗ ಮತ್ತಾಯನ 25ನೆಯ ಅಧ್ಯಾಯಕ್ಕೆ ಬರುತ್ತೇನೆ. ಆರೈಕೆಯ ಬಗ್ಗೆ ಮಾತಾಡುವ ಎಲ್ಲರೂ ಅಲ್ಲಿಗೆ ಬರುತ್ತಾರೆ: ರೋಗಿಯನ್ನು ನೋಡಿಕೊಂಡವರು ಕ್ರಿಸ್ತನನ್ನೇ ನೋಡಿಕೊಂಡರು ಎಂಬ ತೀರ್ಪಿನ ದಿನದ ಚಿತ್ರ. ಅದನ್ನು ನಮಗೆ ಹೇಳಿಕೊಟ್ಟದ್ದು ಹೀಗೆ: ರೋಗಿಯಲ್ಲಿ ಕ್ರಿಸ್ತನನ್ನು ಕಾಣು. ನಾನು ಪ್ರಯತ್ನಪಟ್ಟೆ. ನನಗೆ ಕಂಡದ್ದು ಅತ್ತೆಯೇ. ಕೋಪಿಷ್ಠೆ, ಹಟಮಾರಿ, ನನ್ನ ಮದುವೆಯ ಮೊದಲ ವರ್ಷದಲ್ಲಿ ನನ್ನನ್ನು ಅಳಿಸಿದವರು, ನನ್ನ ಮಗಳ ಬಾಣಂತನದಲ್ಲಿ ರಾತ್ರಿ ಹಗಲು ನಿಂತವರು. ಕ್ರಿಸ್ತ ಕಾಣಲಿಲ್ಲ ಎಂದು ಬಹಳ ನೊಂದೆ. ಆಮೇಲೊಮ್ಮೆ ನಿಧಾನವಾಗಿ ಓದಿದಾಗ ಕಣ್ಣಿಗೆ ಬಿತ್ತು: ಬಲಗಡೆ ನಿಂತ ನೀತಿವಂತರಿಗೂ ಕಂಡಿರಲಿಲ್ಲ! ಅವರು ಆಶ್ಚರ್ಯಪಟ್ಟು ಕೇಳುತ್ತಾರೆ, ನಾವು ನಿನ್ನನ್ನು ಯಾವಾಗ ನೋಡಿದೆವು ಎಂದು. ಅವರ ಕಣ್ಣಿಗೆ ಬಿದ್ದದ್ದು ಒಬ್ಬ ಹಸಿದವನು, ಒಬ್ಬ ರೋಗಿ, ಅಷ್ಟೇ. ಕಾಣದಿದ್ದದ್ದಕ್ಕೆ ಅರಸನು ಅವರನ್ನು ಗದರಿಸಲಿಲ್ಲ. ಗಂಜಿ ಕೊಟ್ಟದ್ದನ್ನು ಎಣಿಸಿದ, ಗಂಜಿ ಕೊಡುವಾಗ ಅವರಿಗೆ ಏನನ್ನಿಸಿತು ಎಂದು ಕೇಳಲಿಲ್ಲ.

ಇಂದು ನಾನು ಹೇಳಲು ಬಂದದ್ದು ಇದನ್ನೇ. ಆರೈಕೆ ಮಾಡುವವರು ಅರ್ಥವನ್ನು ಹುಡುಕಿ, ಕಂಡು, ಅನುಭವಿಸಿದರೆ ಮಾತ್ರ ಅದು ಪವಿತ್ರವಾಗುತ್ತದೆ ಎಂದಲ್ಲ. ದಣಿದವಳ ತಲೆಯ ಮೇಲೆ ಅದೂ ಒಂದು ಹೊರೆ ಹೊರಿಸಬಾರದು. ಮಗ್ಗುಲು ಬದಲಿಸಿದ ಕೈಗೆ ಗೊತ್ತಿಲ್ಲದೆಯೇ ಆ ಕೆಲಸ ದೇವರಿಗೆ ಸಂದಿದೆ.

ಇನ್ನು ಹಾಸಿಗೆಯಲ್ಲಿ ಇದ್ದವರ ನಂಬಿಕೆ. ದೇವರ ಹೆಸರೇ ಮರೆತವರಿಗೆ ದೇವರೊಂದಿಗೆ ಸಂಬಂಧ ಉಳಿಯುತ್ತದೆಯೇ? ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ದೈವಶಾಸ್ತ್ರ ಕಲಿಸುವ ಜಾನ್ ಸ್ವಿಂಟನ್ ಮೊದಲು ಮಾನಸಿಕ ಆರೋಗ್ಯದ ನರ್ಸ್ ಆಗಿದ್ದವರು. ಮರೆವಿನ ಕಾಯಿಲೆಯ ಬಗ್ಗೆ 2012ರಲ್ಲಿ ಅವರು ಬರೆದ ಪುಸ್ತಕದ ವಾದ ಸರಳವಾಗಿ ಇದು: ನಾವು ದೇವರನ್ನು ನೆನೆಯುವುದರಿಂದ ನಾವು ನಾವಾಗಿಲ್ಲ, ದೇವರು ನಮ್ಮನ್ನು ನೆನೆಯುವುದರಿಂದ ಆಗಿದ್ದೇವೆ. ಇದು ನನಗೆ ವಾದದಿಂದಲ್ಲ, ಕಪೆರ್ನೌಮಿನ ಮನೆಯ ಮಾಡಿನಿಂದ ಅರ್ಥವಾಯಿತು. ನಾಲ್ಕು ಮಂದಿ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದರು. ಜನಜಂಗುಳಿಯಲ್ಲಿ ದಾರಿ ಸಿಗದೆ ಮಾಡು ಹತ್ತಿ, ಅದನ್ನು ಬಿಚ್ಚಿ, ಹಾಸಿಗೆಯನ್ನು ಇಳಿಸಿದರು. ಯೇಸು ನೋಡಿದ್ದು ಅವರ ನಂಬಿಕೆಯನ್ನು ಎಂದು ಮಾರ್ಕ ಬಹುವಚನದಲ್ಲಿ ಬರೆಯುತ್ತಾನೆ. ಮಲಗಿದ್ದವನು ಆವರೆಗೆ ಬಾಯಿ ಬಿಟ್ಟಿಲ್ಲ. ಅವನ ನಂಬಿಕೆಯ ಒಂದೊಂದು ಮೂಲೆಯನ್ನು ಒಬ್ಬೊಬ್ಬರು ಹಿಡಿದಿದ್ದರು.

ಒಬ್ಬರೇ ಆಗಿದ್ದರೆ ಆ ಹಾಸಿಗೆ ನೆಲದಿಂದ ಏಳುತ್ತಿರಲಿಲ್ಲ.

ರೋಗಿಗಳ ಸೇವೆ ನಮ್ಮ ಕರಾವಳಿಗೆ ಹೊಸತಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರ ಕೆಲಸ ಶುರುವಾದದ್ದು 1880ರಲ್ಲಿ, ಹತ್ತು ವರ್ಷದೊಳಗೆ ಕುಷ್ಠರೋಗಿಗಳಿಗೂ ಅಲ್ಲಿ ನೆಲೆಯಾಯಿತು. ಉಡುಪಿಯ ಮಿಷನ್ ಆಸ್ಪತ್ರೆಯನ್ನು ಸ್ವಿಟ್ಜರ್ಲೆಂಡಿನ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದರು, ಹೆಂಗಸರಿಗೂ ಮಕ್ಕಳಿಗೂ. ಆಸ್ಪತ್ರೆ ಕಟ್ಟುವುದು ನಮಗೆ ಬಂತು. ಆದರೆ ಡಿಸ್ಚಾರ್ಜ್ ಚೀಟಿ ಕೈಗೆ ಕೊಟ್ಟ ಮೇಲೆ, ಆ ಮನೆಯ ಬಾಗಿಲ ಒಳಗೆ ನಡೆಯುವುದು ಯಾರ ಸೇವೆ ಎಂದು ನಾವು ಕೇಳಿಕೊಳ್ಳಲಿಲ್ಲ. ಭೇಟಿಗೆ ಬರುತ್ತೇವೆ, ಪ್ರಾರ್ಥಿಸುತ್ತೇವೆ. ಪ್ರಾರ್ಥನೆ ಬೇಡವೆಂದು ಹೇಳುತ್ತಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ಎರಡು ಗಂಟೆ ಕುಳಿತರೆ ಆ ಮನೆಯವಳು ಸ್ನಾನ ಮಾಡಿ, ಅಂಗಡಿಗೆ ಹೋಗಿ, ಮಲಗಿ ಏಳಬಹುದು.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್, ಸಾಯುವವರ ಆರೈಕೆಯ ಬುನಾದಿಯನ್ನು ಗೆತ್ಸೇಮನೆ ತೋಟದಲ್ಲಿ ಕಂಡರು. ಸೆರೆಯಾಗುವ ಮೊದಲಿನ ಆ ರಾತ್ರಿ ಯೇಸು ಶಿಷ್ಯರಿಂದ ಪರಿಹಾರ ಕೇಳಲಿಲ್ಲ, ತನ್ನ ಸಂಗಡ ಎಚ್ಚರವಾಗಿರಲು ಕೇಳಿದ. ಅವರು ನಿದ್ದೆಹೋದರು. ಯೇಸು ನೊಂದ, ಆದರೆ ಅವರನ್ನು ಕೈಬಿಡಲಿಲ್ಲ. ಅವರ ಮನಸ್ಸಿಗಿಂತ ಅವರ ಶರೀರ ಸೋತಿದೆ ಎಂದು ಅರ್ಥಮಾಡಿಕೊಂಡ. ಹಾಸಿಗೆಯ ಪಕ್ಕದಲ್ಲಿ ಕುಳಿತಲ್ಲೇ ತೂಕಡಿಸಿದ ಯಾರಿಗಾದರೂ ಇದು ತಲುಪಲಿ.

ನಮ್ಮ ಮನೆಯಲ್ಲಿ ನಾಲ್ಕು ಮೂಲೆಗಳನ್ನು ಹಿಡಿದವರು ಕ್ರಮೇಣ ಸಿಕ್ಕಿದರು. ನಾನು ಬಾಯಿಬಿಟ್ಟು ಕೇಳಿದ ಮೇಲೆ. ಆವರೆಗೆ ಕೇಳುವುದೇ ನಂಬಿಕೆಯ ಕೊರತೆ ಎಂದುಕೊಂಡಿದ್ದೆ. ಮಹಿಳಾ ಸಂಘದ ಇಬ್ಬರು ಗುರುವಾರ ಮಧ್ಯಾಹ್ನ ಬರತೊಡಗಿದರು. ಯಜಮಾನರು ಶನಿವಾರ, ಭಾನುವಾರ ಬಟ್ಟೆ ಬದಲಿಸುವುದನ್ನು ಕಲಿತರು. ತಾಯಿಯ ಮೈ ತೊಳೆಯಲು ಮೊದಲ ಸಲ ಅವರ ಕೈ ನಡುಗಿತು. ಯೋಹಾನನ ಪ್ರಕಾರ ಯೇಸು ಶಿಲುಬೆಯ ಮೇಲಿಂದ ಮಾಡಿದ ಒಂದು ಏರ್ಪಾಟು, ತನ್ನ ತಾಯಿಯನ್ನು ಶಿಷ್ಯನ ಮನೆಗೆ ಒಪ್ಪಿಸಿದ್ದು. ತಾಯಿಯ ಚಿಂತೆ ಮಗನದು, ಹೊಣೆ ಹೊತ್ತುಕೊಂಡವನೂ ಗಂಡಸು ಎಂದು ಅವರಿಗೆ ನಾನೇ ಓದಿ ಹೇಳಿದೆ.

ಗುರುವಾರ ಬಂದವರು ಹಳೆಯ ಸಂಗೀತ ಪುಸ್ತಕ ತೆಗೆದು ಹಾಡುತ್ತಿದ್ದರು. ಆ ಹೊತ್ತಿಗೆ ಅತ್ತೆಯ ತುಳು ಚೂರುಚೂರಾಗಿತ್ತು, ನನ್ನ ಹೆಸರು ಹೋಗಿ ಎರಡು ವರ್ಷವಾಗಿತ್ತು. ಆದರೆ ಹಾಡು ಶುರುವಾದರೆ, ಬಾಲ್ಯದಿಂದ ದೇವಾಲಯದಲ್ಲಿ ಮಾತ್ರ ಬಳಸಿದ ಆ ಕನ್ನಡ, ನಾಲ್ಕು ಚರಣವೂ, ಒಂದು ಅಕ್ಷರ ತಪ್ಪದೆ ಅವರ ಬಾಯಿಂದ ಬರುತ್ತಿತ್ತು. ವಿಜಯಪುರದ ಹುಡುಗಿ ಕೇಳಿ ಕೇಳಿ ಕಲಿತುಬಿಟ್ಟಳು. ನಾವು ಯಾರೂ ಇಲ್ಲದ ಹೊತ್ತು ಅವಳೇ ಮೊದಲ ಸಾಲು ಎತ್ತಿಕೊಡುತ್ತಿದ್ದಳು, ಅತ್ತೆ ಮುಗಿಸುತ್ತಿದ್ದರು.

ಕೊನೆಯ ಮಳೆಗಾಲದ ಒಂದು ಸಂಜೆ, ಆ ತಳಮಳದ ಹೊತ್ತು, ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದೆ. ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಯಾರೆಂದು ಗೊತ್ತಾಗಲಿಲ್ಲ. ಆದರೆ ಮುಖದಲ್ಲಿ ಕನಿಕರ ಬಂತು. ತುಳುವಿನಲ್ಲಿ, ಎಷ್ಟೋ ದಿನಗಳ ಮೇಲೆ ಪೂರ್ತಿ ವಾಕ್ಯದಲ್ಲಿ, ಕತ್ತಲಾಯಿತು, ನಿನ್ನ ಅಮ್ಮ ಕಾಯುತ್ತಿರುತ್ತಾಳೆ, ಮನೆಗೆ ಹೋಗು ಮಗಾ, ಇಲ್ಲಿ ನಾನು ನೋಡಿಕೊಳ್ಳುತ್ತೇನೆ ಎಂದರು. ಆಗಲಿ ಎಂದು ಎದ್ದು, ಚಪ್ಪಲಿ ಮೆಟ್ಟಿ, ಮಳೆಯಲ್ಲಿ ಗೇಟಿನವರೆಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ತಿರುಗಿ ಒಳಗೆ ಬಂದಾಗ 'ಯಾರು?' ಎಂದು ಕೇಳಿದರು. ಹೆಸರು ಹೇಳಿದೆ. ಒದ್ದೆಯಾಗಿದ್ದೀಯಲ್ಲ, ಒಳಗೆ ಬಾ ಎಂದು ಹೊದಿಕೆ ಸರಿಸಿ, ಹಾಸಿಗೆಯಲ್ಲಿ ನನಗೆ ಜಾಗ ಮಾಡಿಕೊಟ್ಟರು.